ಪಾಷಾಣ ಕೆರೆಯ ಕೋಳಿ

ಪುಣೆಯಲ್ಲಿ ಎರಡು ಭಾಷೆಗಳ ನಡುವೆ ಸಂಸಾರ ಮಾಡುವವರಿಗೆ ಇಂಥ ಮಾತಿನ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ನಾನು ಬಿ.ಎಸ್ಸಿ. ಮಾಡಿದವಳು. ಕಂಡ ಹಕ್ಕಿಗಳ ಜೊತೆ ಇವನ್ನೂ ಬರೆದಿಟ್ಟುಕೊಂಡೇ ಬಂದಿದ್ದೇನೆ.

ಹೆಸರು

ಮೊಬೈಲು ಇಲ್ಲದ ಕಾಲ. ಯಜಮಾನರು ಹೃದಯದ ಆಪರೇಷನ್ ಆಗಿ ಆಗಷ್ಟೇ ಚೇತರಿಸಿಕೊಂಡಿದ್ದರು. ಡಾಕ್ಟರು ದಿನಾ ಸ್ವಲ್ಪ ನಡೆಯಲಿ ಎಂದಿದ್ದರು. ಹಕ್ಕಿ ನೋಡುತ್ತ ನಡೆದರೆ ಬೇಸರವಾಗದೆಂದು ಪಾಷಾಣ ಕೆರೆಗೆ ಹೊರಡಿಸಿದೆ. ಬಿಜಾಪುರದಿಂದ ಬಂದಿದ್ದ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಬದುಕಿ ಬಂದ ಮಗನ್ನ ಪಾಷಾಣಕ್ಕ ಕರಕೊಂಡು ಹೊಂಟೀಯೇನವಾ?"

"ಇಲ್ಲಿ ಪಾಷಾಣ ಅಂದ್ರ ಕಲ್ಲು ರೀ ಅತ್ತಿ."

"ಹಂಗಾರ ನನ್ನ ತಲಿಮ್ಯಾಲ ಕಲ್ಲು ಹಾಕ್ತೀ," ಎಂದು ಕಾವಲಿಗೆ ತಾವೂ ಬಂದರು.

ಮಡಿ

ನೀರುಕಾಗೆಯೊಂದು ಮುಳುಗಿ ಎದ್ದು, ನೀರಿನ ನಡುವಿನ ಮರದ ಬೊಡ್ಡೆಯ ಮೇಲೆ ರೆಕ್ಕೆ ಹರವಿ ನಿಂತಿತ್ತು. ಅತ್ತೆಗೆ ಭಾರಿ ಮೆಚ್ಚುಗೆಯಾಯಿತು.

"ನೋಡು, ಮುಂಜಾನೆ ಜಳಕ ಮಾಡಿ ಮಡಿ ಒಣಗಿಸ್ಲಿಕತ್ತದ. ನಿನ್ನ ಮಕ್ಕಳಿಗೆ ತೋರಸು."

"ಅದು ಮೀನ ಹಿಡೀಲಿಕ್ಕೆ ಮುಳುಗಿತ್ತು ರೀ."

ಅತ್ತೆ ಬಿಟ್ಟುಕೊಡಲಿಲ್ಲ. "ತಿಂದ ಮ್ಯಾಲರ ಮಡಿ ಆತಲ್ಲ."

ಅಂಗಿ

ತಿರುಗಿ ನೋಡಿದರೆ ಯಜಮಾನರಿಲ್ಲ. ದಂಡೆಯುದ್ದಕ್ಕೂ ಕೂಗಿದೆವು. ಇದ್ದಬದ್ದ ಬಾತುಗಳೆಲ್ಲ ಹಾರಿಹೋದವು, ಇವರು ಮಾತ್ರ ಬರಲಿಲ್ಲ. ಎಲ್ಲಾದರೂ ಎದೆ ಹಿಡಿದುಕೊಂಡು ಬಿದ್ದಿದ್ದರೆ? ಗೇಟಿಗೆ ಓಡಿ ವಾಚ್‌ಮನ್‌ನನ್ನು ಕರೆತಂದೆ. ಅವನು ಮರಾಠಿಯಲ್ಲಿ ಅಂಗಿಯ ಬಣ್ಣ ಕೇಳಿದ. ಹಕ್ಕಿಗಳಿಗೆ ಕಾಣಬಾರದೆಂದು ನಾನೇ ಅಂಗಡಿ ಅಂಗಡಿ ತಿರುಗಿ ತಂದ ಅಂಗಿ. ಸುತ್ತಲಿನ ಜೊಂಡು ತೋರಿಸಿ, ಇದೇ ಬಣ್ಣ ಎಂದೆ.

ಅವನು ಜೊಂಡನ್ನೂ ನೋಡಿದ, ನನ್ನನ್ನೂ ನೋಡಿದ. "ಮತ್ತೆ ಹುಡುಕೋದು ಯಾಕೆ ಬಾಯೀ, ಕಾಣಬಾರದು ಅಂತಲೇ ತೊಡಿಸಿದ್ದೀರಲ್ಲ?"

ಕೋಳಿ

ಆದರೂ ಅವನೇ ಆ ತುದಿಯವರೆಗೆ ವಿಚಾರಿಸಿ ಬಂದು ಹೇಳಿದ: "ಸಾಹೇಬಾಂನಾ ಕೋಳಿ ಘೇವೂನ್ ಗೇಲಾ."

ನನಗೆ ಹೋದ ಜೀವ ಬಂತು. ಮರಾಠಿಯಲ್ಲಿ ಕೋಳಿ ಎಂದರೆ ಮೀನುಗಾರ. ಅವನು ಇವರನ್ನು ದೋಣಿಯಲ್ಲಿ ಕರೆದೊಯ್ದಿದ್ದಾನೆ. ಅತ್ತೆಗೆ ಕೇಳಿಸಿದ್ದು ಕೋಳಿ ಒಂದೇ. ಅಲ್ಲೇ ಕುಸಿದು ಕೂತರು.

"ಡಾಕ್ಟರು ನಡಿ ಅಂದ್ರ, ಇಂವ ಕೋಳಿ ತಗೊಂಡು ಹೋದ್ನೇನ?"

ನಾನು ಬಿಡಿಸಿ ಹೇಳುವಷ್ಟರಲ್ಲಿ ದೋಣಿ ಬಂತು. ಯಜಮಾನರು ನಗುನಗುತ್ತ ಇಳಿದರು, ಏದುಸಿರೂ ಇಲ್ಲ. ದೋಣಿಯವ ಆಗಲೇ ಹಿಂದಿರುಗಿದ್ದ. ನಾನು ಇವರ ಕೈ ಹಿಡಿದು ನಾಡಿ ನೋಡಿದೆ. ಅತ್ತೆ ಇವರ ಹೆಗಲಿನ ಚೀಲದೊಳಗೆ ಕೈ ಹಾಕಿ ತಡಕಿದರು.

"ಖರೇ ಹೇಳು. ಕೋಳಿ ಎಲ್ಲಿ?"

ಪುಣೆಯ ಮರಾಠಿಯಲ್ಲೇ ತಲೆ ನರೆಸಿಕೊಂಡ ಯಜಮಾನರು ಖುಷಿಯಿಂದ ಹೇಳಿದರು: "ರವಿವಾರ ಊಟಕ್ಕ ಹೇಳೇನವ್ವಾ."