ನಡೆಯದ ಚರ್ಚೆಯಲ್ಲಿ ಗೆದ್ದವರು

ಎಲ್ಲಕ್ಕೂ ಕಾರಣ ಸಾಲ್ಮನ್ ಮೀನು. ಅಕ್ಟೋಬರ್ ಬಂತೆಂದರೆ ಅವು ಮಿಶಿಗನ್ ಸರೋವರದಿಂದ ಹೊಳೆಗೆ ಏರಿ ಬರುತ್ತವೆ. ಬಂದಾಗ ಹಿಡಿದರೆ ಹಿಡಿದ ಹಾಗೆ, ಇಲ್ಲವಾದರೆ ಇನ್ನೊಂದು ವರ್ಷ ಬಾಯಿ ಚಪ್ಪರಿಸುತ್ತ ಕೂರಬೇಕು. ಚುನಾವಣೆಯ ಗದ್ದಲವೂ ಅದೇ ಹೊತ್ತಿಗೆ. ಮೀನಿಗೂ ಮತದಾರನಿಗೂ ಒಂದೇ ಕಾಲ ಇಟ್ಟ ದೇವರ ಮೇಲೆ ಮರ್ಲ್ ವ್ಯಾಂಡರ್‌ಮೋಲನ್‌ಗೆ ಮೊದಲಿಂದಲೂ ಸಣ್ಣದೊಂದು ಮುನಿಸಿತ್ತು.

ಮರ್ಲ್ ಅಂದರೆ ಬ್ರಿಗ್ಸ್‌ಬರೋ ಊರಿನ ರೇಡಿಯೋದಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ರಾಜಕೀಯ ಮಾತಾಡುವವನು. ಅಪ್ಪಟ ಕನ್ಸರ್ವೇಟಿವ್. ಹಿಂದಿನ ದಿನದ ಸುದ್ದಿಯನ್ನು ಜಾಲಾಡಿ, ವಾಷಿಂಗ್ಟನ್ನಿನವರಿಗೆ ಮಂಗಳಾರತಿ ಎತ್ತಿ, ತೆರಿಗೆ, ಗಡಿ, ಪೆಟ್ರೋಲಿನ ಬೆಲೆ ಎಲ್ಲ ಸುತ್ತಿ ಕೊನೆಗೆ ದುಡಿಮೆಯ ಹಿರಿಮೆಗೆ ಬಂದು ನಿಲ್ಲುತ್ತಿದ್ದ. "ನಮ್ಮ ತಾತಂದಿರು ಸೂರ್ಯನಿಗಿಂತ ಮೊದಲು ಎದ್ದು ದುಡಿದರು. ಈಗಿನವರಿಗೆ ಕೆಲಸದ ದಿನವೂ ರಜಾ ಬೇಕು" ಎಂದು ಅವನು ಗುಡುಗಿದರೆ ಟ್ರ್ಯಾಕ್ಟರ್ ಮೇಲೆ ಕೂತವರೂ ತಲೆಯಾಡಿಸುತ್ತಿದ್ದರು.

ಆದರೆ ರೇಡಿಯೋದ ಮಾಲೀಕ ಗೆರಿಟ್ ಡೈಕ್‌ಸ್ತ್ರಾ ಎಂಜಲು ಕೈಯಲ್ಲಿ ಕಾಗೆ ಓಡಿಸದ ಮುದುಕ. ಮರ್ಲ್‌ನ ಬದಲು ದೊಡ್ಡ ನಗರದಿಂದ ಅಗ್ಗಕ್ಕೆ ಸಿಗುವ ಯಾರದೋ ಕಾರ್ಯಕ್ರಮ ತರುತ್ತೇನೆಂದು ಬೇಸಿಗೆಯಿಂದಲೂ ಗುರುಗುಟ್ಟುತ್ತಿದ್ದ. "ಚುನಾವಣೆ ಮುಗಿಯೋವರೆಗೆ ನೋಡ್ತೀನಿ. ಒಂದು ಎಡವಟ್ಟು ಮಾಡಿದ್ಯೋ, ಸೀದಾ ಮನೆಗೆ" ಅಂದಿದ್ದ. ಮರ್ಲ್‌ಗೆ ಮಾತು ಬಿಟ್ಟರೆ ಬೇರೆ ಕಸುಬು ಬರುತ್ತಿರಲಿಲ್ಲ. ಹಾಗಾಗಿ ಅವನು ಎಡವಟ್ಟು ಮಾಡದಿರಲು ಬಹಳ ಕಷ್ಟಪಡುತ್ತಿದ್ದ.

ಬುಧವಾರ ಸಂಜೆ ಹೈಸ್ಕೂಲಿನ ಸಭಾಂಗಣದಲ್ಲಿ ವಾಷಿಂಗ್ಟನ್ನಿಗೆ ಹೋಗಲು ಚುನಾವಣೆಗೆ ನಿಂತ ಇಬ್ಬರ ನಡುವೆ ಚರ್ಚೆ ಏರ್ಪಾಡಾಗಿತ್ತು: ರಿಪಬ್ಲಿಕನ್ ಕ್ರೇಗ್ ಬೋರ್ಸ್ಮಾ, ಡೆಮಾಕ್ರಟ್ ಲಿನೆಟ್ ಪ್ರೂಯಿಟ್. ಗುರುವಾರ ಬೆಳಿಗ್ಗೆ ಮರ್ಲ್ ಅದರ ವಿಮರ್ಶೆ ಮಾಡಬೇಕು. ಅದೇ ಗುರುವಾರ ಹೊಳೆಯಲ್ಲಿ ಮೀನು ತುಂಬಿ ತುಳುಕಲಿದೆ ಎಂಬ ಸುದ್ದಿ.

ಮರ್ಲ್ ಯೋಚಿಸಿದ. ಬೋರ್ಸ್ಮಾ ಏನು ಹೇಳುತ್ತಾನೆ ಎಂದು ಅವನಿಗೆ ಗೊತ್ತು. ಪ್ರೂಯಿಟ್ ಏನು ಹೇಳುತ್ತಾಳೆ ಎಂದು ಬೋರ್ಸ್ಮಾಗೂ ಗೊತ್ತು. ಇನ್ನು ಹೋಗಿ ಕೇಳುವುದೇನಿದೆ? ಬುಧವಾರ ಮಧ್ಯಾಹ್ನವೇ ಸ್ಟುಡಿಯೋದ ಬಾಗಿಲು ಹಾಕಿಕೊಂಡು "ನಿನ್ನೆ ರಾತ್ರಿ ನಮ್ಮ ಹುಡುಗ ಆಕೆಗೆ ನೀರಿಳಿಸಿದ" ಎಂದು ಶುರುಮಾಡಿ ಇಡೀ ಕಾರ್ಯಕ್ರಮ ಧ್ವನಿಮುದ್ರಿಸಿಟ್ಟ. ಬೆಳಿಗ್ಗೆ ಎಂಟಕ್ಕೆ ತಾನಾಗಿ ಪ್ರಸಾರ ಮಾಡುವಂತೆ ಕಂಪ್ಯೂಟರಿಗೆ ಒಪ್ಪಿಸಿ ಮನೆಗೆ ಹೋಗಿ ಬೇಗ ಮಲಗಿದ. ಗೆರಿಟ್ ಕರೆ ಮಾಡಿದರೆ ಕಷ್ಟವೆಂದು ಫೋನನ್ನು ಅಡುಗೆಮನೆಯ ಮೇಜಿನ ಮೇಲೆ ಬಿಟ್ಟು ಅಕ್ಟೋಬರಿನ ತಡವಾದ ನಸುಕಿನಲ್ಲಿ, ಏಳು ಗಂಟೆಗೆ ಹೊಳೆಗೆ ಹೊರಟ.

ಸೊಂಟದುದ್ದದ ರಬ್ಬರ್ ಬೂಟು ತೊಟ್ಟು ನೀರಿಗಿಳಿದು ಗಾಳ ಬೀಸುವಷ್ಟರಲ್ಲಿ ಮೂಗಿಗೆ ಕೆಟ್ಟ ನಾತ ಬಡಿಯಿತು. ತಿರುಗಿ ನೋಡಿದರೆ ಪಕ್ಕದ ಮನೆಯ ಹಾರ್ವಿ ಪೋಸ್ಟ್ಮಾ ಕುತ್ತಿಗೆವರೆಗೆ ನೀರಿನಲ್ಲಿ ಕೂತಿದ್ದ. ನಿವೃತ್ತ ಮೇಷ್ಟ್ರು, ಹುಟ್ಟಾ ಡೆಮಾಕ್ರಟ್. ಹತ್ತು ವರ್ಷದಿಂದ ಬೇಲಿಯಾಚೆಯಿಂದ ಮರ್ಲ್‌ನ ಮಾತಿಗೆ ತಪ್ಪು ತಿದ್ದುವುದೇ ಅವನ ಉದ್ಯೋಗವಾಗಿತ್ತು.

"ಏನ್ರೀ ಹಾರ್ವಿ ಇದು, ಈ ಚಳಿಯಲ್ಲಿ?"

"ಇನ್ನೇನ್ ಮಾಡ್ಲಿ? ಟೊಮೇಟೊ ರಸದಲ್ಲಿ ಸ್ನಾನ ಮಾಡಿದ್ರೂ ನಾತ ಹೋಗ್ಲಿಲ್ಲ. ಹೆಂಡ್ತಿ ಒಳಗೆ ಬಿಡ್ತಾ ಇಲ್ಲ. ನಿನ್ನೆ ಚರ್ಚೆಗೆ ಹೋಗಿದ್ದೆ ಕಣ್ರೀ. ಇಬ್ಬರೂ ವೇದಿಕೆ ಹತ್ತಿದ್ರು, ನಮಸ್ಕಾರ ಅಂದ್ರು, ಅಷ್ಟರಲ್ಲಿ ಪರದೆ ಹಿಂದಿಂದ ಬೆಕ್ಕಿನ ಗಾತ್ರದ ಸ್ಕಂಕ್ ಬಂತು. ಬಾಲ ಎತ್ತಿ ಗಬ್ಬು ನಾತದ ರಸ ಹೊಡೀತು ನೋಡಿ, ಪಕ್ಷ ಗಿಕ್ಷ ನೋಡ್ಲಿಲ್ಲ. ಬಂದಿದ್ದೇ ಇಪ್ಪತ್ತು ಜನ, ಎಲ್ಲಾ ದಿಕ್ಕಾಪಾಲು."

"ಮತ್ತೆ ಚರ್ಚೆ?"

"ಎಲ್ಲೀ ಚರ್ಚೆ? ಮುಂದಿನ ವಾರಕ್ಕೆ ಹಾಕಿದ್ದಾರೆ. ಅದ್ಸರಿ, ಇನ್ನೇನು ನಿಮ್ಮ ಕಾರ್ಯಕ್ರಮದ ಹೊತ್ತಾಯ್ತಲ್ಲ, ನೀವಿಲ್ಲೇನ್ ಮಾಡ್ತಿದೀರಾ?"

ಮರ್ಲ್ ಗಾಳವನ್ನು ಅಲ್ಲೇ ಬಿಸಾಕಿ, ಬೂಟೂ ಬಿಚ್ಚದೆ ಟ್ರಕ್ಕು ಹತ್ತಿದ. ಎಂಟರೊಳಗೆ ಸ್ಟುಡಿಯೋ ಸೇರಿದರೆ ಬದುಕು, ಇಲ್ಲವಾದರೆ ಮನೆ.

ಎರಡು ಮೈಲಿ ಹೋಗುವಷ್ಟರಲ್ಲಿ ಮುಂದೆ ಹಳದಿ ಶಾಲಾ ಬಸ್ಸು. ಅದು ಪ್ರತಿ ಹೊಲದ ಗೇಟಿನಲ್ಲೂ ನಿಂತು ಕೆಂಪು ದೀಪ ಮಿಟುಕಿಸುತ್ತಿತ್ತು. ದೀಪ ಆರುವವರೆಗೆ ಕಾನೂನಿನ ಪ್ರಕಾರ ದಾಟುವಂತಿಲ್ಲ. ಮಗುವೊಂದು ಬಸ್ಸು ಹತ್ತಿ, ಮರೆತ ಊಟದ ಡಬ್ಬಿಗಾಗಿ ಇಳಿದು ಮನೆಗೆ ಓಡಿ, ನಾಯಿಯನ್ನು ಮುದ್ದಾಡಿ ಮತ್ತೆ ಬಂದು ಹತ್ತಿತು. ಮರ್ಲ್ ಸ್ಟೇರಿಂಗು ಕಚ್ಚುವುದೊಂದು ಬಾಕಿ. ಬಸ್ಸು ತಿರುಗಿದ್ದೇ ತಡ ಟ್ರಕ್ಕನ್ನು ಹಾರಿಸಿದ. ತಿರುವಿನಲ್ಲಿ ಪೊಲೀಸ್ ಕಾರು ಕಾದಿತ್ತು.

ಇಳಿದು ಬಂದವನು ಟಾಡ್ ಎಂಬ ದಢೂತಿ ಪೊಲೀಸಿನವನು. ಅವನ ಕಾರಿನ ಕಿಟಕಿಯಿಂದ ರೇಡಿಯೋ ಮೊಳಗುತ್ತಿತ್ತು. ಎಂಟಾಗಿಹೋಗಿತ್ತು.

"ನಿನ್ನೆ ರಾತ್ರಿಯಿಂದ ಕಣ್ಣು ಮುಚ್ಚಿಲ್ಲ, ಸ್ನೇಹಿತರೇ," ಎನ್ನುತ್ತಿತ್ತು ಮರ್ಲ್‌ನ ದನಿ. "ಆದರೂ ಈ ಕುರ್ಚಿಯಲ್ಲಿ ಕೂತಿದ್ದೇನೆ. ಯಾಕೆಂದರೆ ಇದು ನನ್ನ ಕೆಲಸ. ಕೆಲವರು ಈ ಹೊತ್ತಿಗೆ ಹೊಳೆದಂಡೆಯಲ್ಲಿ ಗಾಳ ಹಾಕಿ ಕೂತಿರುತ್ತಾರೆ."

ಟಾಡ್ ಲೈಸೆನ್ಸು ನೋಡಿದ. ರಬ್ಬರ್ ಬೂಟು ನೋಡಿದ. ತನ್ನ ಕಾರಿನ ಕಡೆ ನೋಡಿದ.

"ಮರ್ಲ್, ನೀವು ರೇಡಿಯೋದಲ್ಲಿದ್ದೀರಿ."

"ಇದ್ದೀನಿ."

"ಇಲ್ಲೂ ಇದ್ದೀರಿ."

"ಅದೂ ಹೌದು. ಟಾಡ್, ಸ್ವಲ್ಪ ಅರ್ಜೆಂಟು..."

"ತಡೀರಿ, ಒಳ್ಳೇ ಭಾಗ ಬಂತು," ಎಂದು ಟಾಡ್ ಕೈ ಎತ್ತಿದ. ತೆರಿಗೆಯ ವಿಷಯದಲ್ಲಿ ಬೋರ್ಸ್ಮಾ ಕೊಟ್ಟ ಉತ್ತರಕ್ಕೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು ಮರ್ಲ್ ರೇಡಿಯೋದಲ್ಲಿ ಬಣ್ಣಿಸುತ್ತಿದ್ದ. ಪೂರ್ತಿ ಮುಗಿಯುವ ತನಕ ಮರ್ಲ್ ರಸ್ತೆ ಬದಿಯಲ್ಲಿ ನಿಂತು ಮರ್ಲ್‌ನನ್ನು ಕೇಳಬೇಕಾಯಿತು. "ಡ್ಯೂಟಿ ಬಿತ್ತು, ನಿನ್ನೆ ಹೋಗಕ್ಕಾಗ್ಲಿಲ್ಲ. ನೀವು ಹೇಳಿದ್ಮೇಲೆ ಕಣ್ಣಾರೆ ನೋಡಿದ ಹಾಗಾಯ್ತು," ಎಂದು ಟಾಡ್ ನಿಟ್ಟುಸಿರಿಟ್ಟು ದಂಡದ ಚೀಟಿ ಹರಿದುಕೊಟ್ಟ. "ಬೇಜಾರ್ ಮಾಡ್ಕೋಬೇಡಿ. ಕಾನೂನು ಎಲ್ಲರಿಗೂ ಒಂದೇ ಅಂತ ಸೋಮವಾರ ನೀವೇ ಹೇಳಿದ್ರಿ."

ಮರ್ಲ್ ಸ್ಟುಡಿಯೋ ತಲುಪಿದಾಗ ಕಾರ್ಯಕ್ರಮ ಮುಗಿಯುವ ಹಂತದಲ್ಲಿತ್ತು. ಫೋನು ಎತ್ತುವ ಮಾರ್ವಾ ಬೂಟಿನಿಂದ ನೀರು ಸುರಿಸುತ್ತ ಬಂದವನನ್ನು ಕಂಡು ಮುಚ್ಚಿದ ಸ್ಟುಡಿಯೋ ಬಾಗಿಲ ಕಡೆ ನೋಡಿದಳು.

"ನೀವು ಒಳಗಿದ್ದೀರಿ ಅಂದ್ಕೊಂಡಿದ್ದೆ."

"ಎಷ್ಟು ಜನ ಬೈದ್ರು ಮಾರ್ವಾ?"

"ಬೈಯೋದ್ಯಾಕೆ? ಫೋನ್ ಕೆಳಗಿಡಕ್ಕೆ ಬಿಡ್ತಿಲ್ಲ ಜನ. ಮೂರನೇ ಸಾಲಲ್ಲಿ ಕೂತಿದ್ನಂತೆ ಒಬ್ಬ, ಬೋರ್ಸ್ಮಾ ಗಡಿ ಬಗ್ಗೆ ಮಾತಾಡುವಾಗ ಕಣ್ಣಲ್ಲಿ ನೀರು ಬಂತಂತೆ. ಇನ್ನೊಬ್ಬಳು ಚಪ್ಪಾಳೆ ತಟ್ಟಿ ಅಂಗೈ ಇನ್ನೂ ಉರೀತಿದೆ ಅಂದ್ಲು. ಬೋರ್ಸ್ಮಾ ಕಚೇರಿಯವರು ಜಾಹೀರಾತಿಗೆ ಹಾಕ್ಕೋತೀವಿ, ರೆಕಾರ್ಡಿಂಗ್ ಕೊಡಿ ಅಂತಿದಾರೆ."

"ಪ್ರೂಯಿಟ್ ಕಡೆಯವರು?"

"ಕೆಂಡ ಕಾರ್ತಿದಾರೆ. ಆಕೆ ಹೇಳಿದ್ದನ್ನ ನೀವು ಹಿಂದುಮುಂದು ಬಿಟ್ಟು ತಿರುಚಿ ಹೇಳಿದ್ದೀರಂತೆ."

ಮರ್ಲ್ ಅಲ್ಲಿದ್ದ ಕುರ್ಚಿಯಲ್ಲಿ ಕುಸಿದ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರಲ್ಲ, ಆ ಸಾವಿರದಲ್ಲಿ ಮೊದಲ ನಿಮಿಷವನ್ನು ಅವನು ತುಂಬ ಸುಖವಾಗಿ ಕಳೆದ. ಎರಡನೆಯ ನಿಮಿಷಕ್ಕೆ ಗೆರಿಟ್‌ನ ಕೋಣೆಯಿಂದ ಕರೆ ಬಂತು.

ಬಾಗಿಲು ತೆರೆದೊಡನೆ ಮತ್ತೆ ಅದೇ ನಾತ. ಮುದುಕ ಗೆರಿಟ್ ಕಿಟಕಿಗಳನ್ನೆಲ್ಲ ತೆರೆದಿಟ್ಟು ಕೋಟು ಹೊದ್ದು ಕೂತಿದ್ದ.

"ನಾನು ಮೊದಲನೇ ಸಾಲಲ್ಲಿದ್ದೆ," ಎಂದ.

ಮರ್ಲ್ ಕೈಮುಗಿಯುವುದೊಂದು ಬಾಕಿ. ಮೀನಿನಿಂದ ಹಿಡಿದು ಎಲ್ಲ ಒಪ್ಪಿಕೊಂಡ. "ತಪ್ಪಾಯ್ತು ಗೆರಿಟ್. ಈ ವಯಸ್ಸಲ್ಲಿ ನಾನು ಇನ್ನೆಲ್ಲಿ ಹೋಗ್ಲಿ? ಇದೊಂದು ಸಲ ಬಿಟ್ಬಿಡಿ."

"ನಾನೆಲ್ಲಿ ಬೈದೆ? ಹತ್ತು ವರ್ಷದಲ್ಲೇ ಇಷ್ಟು ಫೋನು ಬಂದಿರ್ಲಿಲ್ಲ. ಕೂತ್ಕೋ." ಗೆರಿಟ್ ಕಂಪ್ಯೂಟರಿನ ಗುಂಡಿ ಒತ್ತಿದ. ಮರ್ಲ್‌ನ ದನಿ ಕೋಣೆ ತುಂಬಿತು. ತೆರಿಗೆ, ಗಡಿ, ಪೆಟ್ರೋಲು, ವಾಷಿಂಗ್ಟನ್ನಿನ ಕಳ್ಳರು, ದೇಶ ಉಳಿಸಲು ಇದೇ ಕೊನೆಯ ಚುನಾವಣೆ. ಎದೆ ತುಂಬಿ ಬರುವ ಮಾತು. ಕೇಳುತ್ತ ಮರ್ಲ್‌ನ ಬೆನ್ನು ತಾನಾಗಿ ನೆಟ್ಟಗಾಯಿತು.

"ಹೇಗಿದೆ?" ಎಂದ ಗೆರಿಟ್.

"ಚೆನ್ನಾಗೇ ಹೇಳಿದ್ದೀನಿ. ಮೊನ್ನೆ ಮಂಗಳವಾರದ್ದಲ್ವಾ ಇದು?"

"ಎಂಟು ವರ್ಷದ ಹಿಂದಿಂದು."

ಮುಂದೇನು ಬರಲಿದೆ ಎಂದು ಮರ್ಲ್‌ಗೆ ನಿಧಾನವಾಗಿ ಹೊಳೆಯಿತು.

"ನೀನು ನಡೆಯೋಕ್ಮುಂಚೆ ಹೇಳಿದ್ರೂ ಅದೇ, ನಡೆದ್ಮೇಲೆ ಹೇಳಿದ್ರೂ ಅದೇ, ನಡೀದೇ ಇದ್ರೂ ಅದೇ," ಎಂದ ಗೆರಿಟ್ ಪ್ರೀತಿಯಿಂದಲೇ. "ನಗರದ ಕಾರ್ಯಕ್ರಮ ಯಾಕೆ ಬೇಕು? ನಿನ್ನ ಹಳೇ ರೆಕಾರ್ಡಿಂಗ್ ಗೋಡೌನ್ ತುಂಬ ಇದೆ, ನಾಳೆಯಿಂದ ಅದನ್ನೇ ಹಾಕ್ತೀನಿ. ಅಭ್ಯರ್ಥಿಗಳ ಹೆಸರು ಬಂದ ಕಡೆ ಕತ್ತರಿಸಿದ್ರಾಯ್ತು. ಬೇಡದ ಆಳನ್ನ ಇಟ್ಕೋ ಅಂತ ಮಾಲೀಕನಿಗೆ ಯಾರೂ ಬಲವಂತ ಮಾಡಬಾರದು ಅಂತ ದಿನಾ ಹೇಳೋನು ನೀನೇ ಅಲ್ವಾ?"

"ಅದು ನ್ಯಾಯವೇ," ಎಂದುಬಿಟ್ಟ ಮರ್ಲ್, ಹತ್ತು ವರ್ಷದ ಅಭ್ಯಾಸಬಲದಿಂದ.

ಹೊರಗೆ ಬಂದಾಗ ಮಾರ್ವಾ ಫೋನು ಚಾಚಿದಳು. ತೊಂಬತ್ತು ದಾಟಿದ ಕೋರಾ ಎಂಬ ಅಜ್ಜಿ, ಮರ್ಲ್‌ನ ಜೊತೆಗೇ ಮಾತಾಡಬೇಕೆಂದು ಆಗಿನಿಂದ ಹಟ ಹಿಡಿದಿದ್ದಳಂತೆ.

"ಏನ್ ಚೆನ್ನಾಗಿ ಮಾತಾಡ್ತೀಯಪ್ಪಾ ನೀನು," ಎಂದಿತು ನಡುಗುವ ದನಿ. "ನಿದ್ದೆಗೆಟ್ಟು ನಮಗೋಸ್ಕರ ದುಡೀತೀಯ. ನಾಳೇನೂ ಕೇಳ್ತೀನಿ ಮಗಾ."

"ನಾನೂ ಕೇಳ್ತೀನಿ ಅಜ್ಜಿ," ಎಂದ ಮರ್ಲ್.