ಬುಧವಾರದ ಚಪ್ಪಲಿಗಳು

ನಾನು ದೈವಭಕ್ತ ಅಲ್ಲ ಅಂದರೆ ನಮ್ಮ ಅವ್ವನಿಗೆ ಬೇಜಾರು, ಹೌದು ಅಂದರೆ ನನ್ನ ಹೆಂಡತಿಗೆ ನಗು. ನಿಜ ಹೇಳಬೇಕೆಂದರೆ ನನ್ನ ಭಕ್ತಿ ಅಡುಗೆ ಮನೆಯ ಗ್ಯಾಸ್ ಸಿಲಿಂಡರ್ ಇದ್ದ ಹಾಗೆ, ತೀರುವ ಹೊತ್ತಿಗೆ ಮಾತ್ರ ಅದರ ನೆನಪು. ಪರೀಕ್ಷೆಯ ಕಾಲಕ್ಕೆ ಹನುಮಪ್ಪ, ನೌಕರಿ ಹುಡುಕುವಾಗ ಗಣಪ್ಪ, ಕನ್ಯಾ ಸಿಗದೆ ಒದ್ದಾಡುವಾಗ ಯಾರು ಯಾರೋ. ಕೆಲಸ ಆದ ಮೇಲೆ ಒಂದು ತೆಂಗಿನಕಾಯಿ ಒಡೆದರೆ ಮುಗೀತು, ಅವರ ದಾರಿ ಅವರಿಗೆ, ನನ್ನ ದಾರಿ ನನಗೆ. ಇಷ್ಟು ಜನರನ್ನು ಸಂಭಾಳಿಸಿದ ನಾನು ಒಂದು ದಿನ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೈಮುಗಿದು ಕೂಡಬೇಕಾಗುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಕೂತೆ. ಮಗಳು ಶ್ರಾವಣಿಯನ್ನು ಒಂದನೇ ಕ್ಲಾಸಿಗೆ ಸೇರಿಸಬೇಕಾಗಿತ್ತು.

ಕೋಥರೂಡ ಬಡಾವಣೆಯ ನಮ್ಮ ಸೊಸೈಟಿಯ, ಅಂದರೆ ಅಪಾರ್ಟ್‌ಮೆಂಟಿನ, ಹಿಂದಿನ ರಸ್ತೆಯಲ್ಲೇ ಒಂದು ಚರ್ಚು, ಅದರ ಮಗ್ಗುಲಲ್ಲಿ ಅವರದೇ ಶಾಲೆ. ಸುತ್ತಮುತ್ತ ಮರಾಠಿಗರು, ಗುಜರಾತಿಗಳು, ತಮಿಳರು, ಬಿಹಾರದವರು, ವಿಜಯಪುರದಿಂದ ಬಂದ ನಮ್ಮಂಥವರು, ಎಲ್ಲಾ ಇದ್ದೇವೆ. ನೀರಿನ ಟ್ಯಾಂಕರ್ ಬಂದಾಗ ಒಬ್ಬರ ಮುಖ ಒಬ್ಬರು ನೋಡದ ನಮ್ಮನ್ನೆಲ್ಲ ಒಂದು ಮಾಡಿರುವುದು ಆ ಶಾಲೆಯ ಸೀಟು. "ಅಲ್ಲಿ ಕಲ್ತ ಹುಡುಗ್ರು ಇಂಗ್ಲಿಷ್ ಭಾಳ ಛಲೋ ಮಾತಾಡ್ತಾವ್ರಿ. ಮ್ಯಾಲೆ ಶಿಸ್ತು ಅದ" ಎಂದು ನನ್ನ ಹೆಂಡತಿ ಸುನಂದಾ ತೀರ್ಪು ಕೊಟ್ಟಾಗಿತ್ತು. ಹೋಗಿ ನೋಡಿದರೆ ಫಾರಂ ಕೊಡುವ ಕಿಟಕಿಯ ಮುಂದೆ ಮಾರುದ್ದ ಸಾಲು. ಪ್ರತಿ ವರ್ಷ ಗಣೇಶೋತ್ಸವದ ಮೈಕಿನಲ್ಲಿ ನಮ್ಮ ಸಂಸ್ಕೃತಿ ಉಳಿಯಬೇಕು ಎಂದು ಗಂಟಲು ಹರಿದುಕೊಳ್ಳುವ ಸೊಸೈಟಿಯ ಚೇರಮನ್ನರು ನನಗಿಂತ ಹತ್ತು ಜನ ಮುಂದಿದ್ದರು. ನನ್ನನ್ನು ನೋಡಿ, "ಮೊಮ್ಮಗನಿಗೆ, ಸೊಸೆಯ ಹಟ" ಎಂದರು. ನಾನೂ "ಹೆಂಡತಿ ಹಟ" ಎಂದೆ. ಇಬ್ಬರಿಗೂ ಸಮಾಧಾನವಾಯಿತು.

ಶಾಲೆಯ ಮೇಲ್ವಿಚಾರಣೆ ಚರ್ಚಿನ ಫಾದರ್ ಅವರದು. ಬಿಳಿ ಗಡ್ಡದ, ಮೆಲುದನಿಯ, ವಸಯಿ ಕಡೆಯ ಮನುಷ್ಯ, ನಮಗಿಂತ ಶುದ್ಧವಾದ ಮರಾಠಿ ಮಾತಾಡುತ್ತಾರೆ. "ನಾವು ಯಾರ ಧರ್ಮವನ್ನೂ ಕೇಳುವುದಿಲ್ಲ, ಶ್ರದ್ಧೆ ಮಾತ್ರ ನೋಡುತ್ತೇವೆ" ಎಂದರು. ಮಾತು ಬಂಗಾರದಂಥದ್ದು. ಆದರೆ ಒಂದು ಸೀಟಿಗೆ ಹತ್ತು ಜನ ಮುಗಿಬಿದ್ದರೆ ಶ್ರದ್ಧೆಯನ್ನು ನೋಡುವುದು ಹೇಗೆ? ಅದಕ್ಕೂ ವ್ಯವಸ್ಥೆ ಇತ್ತು. ಬುಧವಾರ ಸಂಜೆಯ ಪ್ರಾರ್ಥನೆಗೆ ಬಂದವರು ಬಾಗಿಲಲ್ಲಿಟ್ಟ ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಹದಿನೆಂಟು ವರ್ಷ ಆಫೀಸಿನ ಮಸ್ಟರಿನಲ್ಲಿ ಸಹಿ ಮಾಡಿ ಆಮೇಲೆ ಚಹಾಕ್ಕೆ ಹೋದ ಮನುಷ್ಯ ನಾನು. ಇದು ನನಗೆ ಕೈಬಂದ ವಿದ್ಯೆ ಎಂದು ಒಳಗೊಳಗೇ ಖುಷಿಪಟ್ಟೆ.

ಆದರೂ ಒಳಗೆ ಹೋಗಿ ಏನು ಮಾಡಬೇಕೆಂದು ಗೊತ್ತಿರಬೇಕಲ್ಲ. ನಮ್ಮ ಕೆಳಗಿನ ಮನೆಯ ಲವೀನಾಬಾಯಿಯನ್ನು ಕೇಳಿದೆ. ಅವರು ಉಡುಪಿ ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್. ಗಂಡ ಮಸ್ಕತ್ತಿನಲ್ಲಿ, ಮಗ ರೋಶನ್ ನಮ್ಮ ಶ್ರಾವಣಿಯ ವಯಸ್ಸಿನವನು, ಅವನಿಗೂ ಅದೇ ಶಾಲೆಗೆ ಅರ್ಜಿ ಹಾಕಿದ್ದರು. ಅವರ ಮನೆಯ ಮೀನಿನ ಸಾರಿನ ವಾಸನೆಗೆ ನಾವು, ನಮ್ಮ ಮನೆಯ ಬೆಳಗಿನ ಐದರ ಸುಪ್ರಭಾತಕ್ಕೆ ಅವರು, ಹೀಗೆ ಹೊಂದಿಕೊಂಡು ಆರು ವರ್ಷವಾಗಿತ್ತು. "ಎಂತ ಹೆದರುವುದು ಮಾರಾಯ್ರೆ? ಮುಂದಿನವರು ಎದ್ರೆ ಏಳಿ, ಕೂತ್ರೆ ಕೂತ್ಕೊಳ್ಳಿ. ಅಷ್ಟೇ" ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ನನಗೆ ಬುಧವಾರ ಸಂಜೆ ಡ್ಯೂಟಿ ಹಾಕಿದ್ದಾರೆ, ಬದಲಿ ಸಿಗುವುದಿಲ್ಲ. ಆದಿತ್ಯವಾರದ ಪೂಜೆಗೆ ತಪ್ಪದೆ ಹೋಗ್ತೇನೆ, ಆದರೆ ಅದಕ್ಕೆ ರಿಜಿಸ್ಟರ್ ಇಲ್ಲ. ಫಾದರ್ ಹೊಸಬರು, ಅಷ್ಟು ಜನರಲ್ಲಿ ನನ್ನ ಗುರುತು ಅವರಿಗೆಲ್ಲಿ? ನೀವು ಒಂದು ಮಾತು ಹೇಳ್ತೀರಾ?" ಎಂದರು. "ಅಯ್ಯೋ, ಅದೇನು ದೊಡ್ಡ ಮಾತ್ರೀ, ಹೇಳ್ತೀನಿ ಬಿಡ್ರಿ" ಎಂದೆ. ಹೇಳುವ ಮನಸ್ಸು ಖಂಡಿತ ಇತ್ತು. ಇದನ್ನು ಇಲ್ಲೇ ಬರೆದಿಟ್ಟುಬಿಡುತ್ತೇನೆ, ಮುಂದೆ ನೀವು ನಂಬಲಿಕ್ಕಿಲ್ಲ.

ಮೊದಲ ಬುಧವಾರ ಸ್ನಾನ ಮಾಡಿ, ಮಡಿಕೆ ಮುರಿಯದ ಜುಬ್ಬಾ ಹಾಕಿಕೊಂಡು ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ನಮಸ್ಕರಿಸಿ ಒಳಗೆ ಕಾಲಿಟ್ಟೆ. ಕೂತ ಮೇಲೆ ನೋಡುತ್ತೇನೆ, ಮುಂದಿನ ಸಾಲುಗಳಲ್ಲಿ ಎಲ್ಲರೂ ಬೂಟು ಹಾಕಿಕೊಂಡೇ ಇದ್ದಾರೆ! ಹಿಂದಿನ ನಾಲ್ಕು ಸಾಲಿನವರು ಮಾತ್ರ ಬರಿಗಾಲು. ಅಂದರೆ ಹೊರಗಿದ್ದ ಚಪ್ಪಲಿ ಎಣಿಸಿದರೆ ಸಾಕು, ಎಷ್ಟು ಜನ ಸೀಟಿಗೆ ಬಂದವರೆಂದು ಫಾದರ್ ಅವರಿಗೆ ತಿಳಿಯುತ್ತಿತ್ತು. ಇದು ಗೊತ್ತಾದ ಮೇಲೂ ನಾವ್ಯಾರೂ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಲಿಲ್ಲ. ದೇವರು ಯಾರೇ ಇರಲಿ, ಕಾಲು ಕೇಳಬೇಕಲ್ಲ.

ಎದ್ದು ಕೂಡುವ ವಿದ್ಯೆಯೂ ಅಷ್ಟು ಸುಲಭವಿರಲಿಲ್ಲ. ಒಂದು ಸಲ ನಮ್ಮ ಮುಂದಿನ ಬೆಂಚಿನವರು ಫೋನು ಬಂತೆಂದು ಎದ್ದು ಹೊರನಡೆದರು. ಅವರನ್ನೇ ನೋಡುತ್ತಿದ್ದ ನಾವು ನಾಲ್ಕು ಸಾಲಿನವರೂ ಧಡಕ್ಕನೆ ಎದ್ದು ಕೈಮುಗಿದು ನಿಂತೆವು. ಚೇರಮನ್ನರು ಕಣ್ಣು ಬೇರೆ ಮುಚ್ಚಿದ್ದರು. ಪ್ರಾರ್ಥನೆ ಮುಗಿದ ಮೇಲೆ ಮಾತೆಯ ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚುತ್ತಾರೆ. ನಾನು ಹಚ್ಚಿದೆ. ಅಲ್ಲಿಗೆ ಬಿಡಬೇಕೋ ಬೇಡವೋ? ಕೈ ಸುಮ್ಮನಿರಲಿಲ್ಲ. ಎರಡೂ ಅಂಗೈಗಳನ್ನು ಜ್ಯೋತಿಯ ಮೇಲೆ ಹಿಡಿದು ಕಣ್ಣಿಗೆ ಒತ್ತಿಕೊಂಡೆ, ಮನೆಯಲ್ಲಿ ಮಂಗಳಾರತಿ ತೊಗೊಳ್ಳುವ ಹಾಗೆ. ನನ್ನ ಹಿಂದಿದ್ದವರು ಇದೇ ಪದ್ಧತಿ ಅಂದುಕೊಂಡು ತಾವೂ ಒತ್ತಿಕೊಂಡರು. ಒಬ್ಬ ಹೆಣ್ಣುಮಗಳು ಹತ್ತು ರೂಪಾಯಿ ಹಾಕಲು ತಟ್ಟೆ ಹುಡುಕಿದಳು. ದೂರದಲ್ಲಿ ನಿಂತ ಫಾದರ್ ಗಡ್ಡ ನೀವಿಕೊಂಡರು.

ಆ ಮೊದಲ ಬುಧವಾರವೇ ಹೊರಗೆ ಬಂದರೆ ನನ್ನ ಹೊಸ ಕೊಲ್ಹಾಪುರಿ ಚಪ್ಪಲಿ ಮಾಯ! ಬರಿಗಾಲಲ್ಲೇ ಮನೆಗೆ ಬಂದು ಊರಿಗೆ ಫೋನ್ ಮಾಡಿದೆ. ಅವ್ವ, "ಛಲೋನ ಆತ್ ಬಿಡೊ. ದೇವ್ರ ಬಾಗಲದಾಗ ಚಪ್ಪಲ್ ಹೋದ್ರ ಪೀಡಾ ಹೋತು ಅಂತ ತಿಳ್ಕೊ" ಅಂದಳು. ಆಮೇಲೆ ಏನೋ ನೆನಪಾಗಿ, "ಇವತ್ತ ಬುಧವಾರ, ಯಾವ ದೇವ್ರಿಗೆ ಹೋಗಿದ್ಯೋ?" ಎಂದು ಕೇಳಿದಳು. ಹೇಳಿದೆ. "ಸೀಟ್ ಸಿಗ್ತದೇನು?" ಅಂದಳು. ಭಕ್ತಿ ನನಗೆ ಯಾವ ಕಡೆಯಿಂದ ಬಂದಿದೆ ಎಂದು ನಿಮಗೆ ಗೊತ್ತಾಗಿರಬೇಕು.

ಹೀಗೆ ಮಳೆಗಾಲ, ದೀಪಾವಳಿ, ಸಂಕ್ರಾಂತಿ ಕಳೆದವು. ನಾನು ಒಂದು ಬುಧವಾರವನ್ನೂ ಬಿಡಲಿಲ್ಲ. ಕೊನೆಗೆ ಸಂದರ್ಶನಕ್ಕೆ ಕರೆದರು. ಫಾದರ್ ರಿಜಿಸ್ಟರ್ ತಿರುವಿ, "ಕುಲಕರ್ಣಿ ಸಾಹೇಬರೇ, ನಮ್ಮ ಹಾಡುವ ತಂಡದವರೂ ಇಷ್ಟು ಬಂದಿಲ್ಲ" ಎಂದು ನಕ್ಕರು. ಶ್ರಾವಣಿ ಒಂದು ಪದ್ಯ ಹೇಳಿದಳು, ಚಾಕಲೇಟ್ ತೊಗೊಂಡಳು. ಏಳುವ ಹೊತ್ತಿಗೆ ಅವರು ಮತ್ತೊಂದು ಫಾರಂ ಎತ್ತಿಕೊಂಡು, "ಈ ಲವೀನಾ ಅವರು ನಿಮ್ಮ ಸೊಸೈಟಿಯವರೇ ಅಲ್ಲವೇ? ರಿಜಿಸ್ಟರಿನಲ್ಲಿ ಒಂದೂ ಸಹಿ ಇಲ್ಲ. ಬುಧವಾರ ಯಾಕೆ ಬರುವುದಿಲ್ಲವೋ?" ಎಂದು ಕೇಳಿದರು.

ನೋಡಿ, ನಾನಾಗಿ ವಿಷಯ ಎತ್ತಬೇಕಾಗಿರಲಿಲ್ಲ. ಅವರೇ ಕೇಳಿದ್ದರು. "ಡ್ಯೂಟಿ ಅದ ರೀ ಅವರಿಗೆ" ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಕ್ಷಣದಲ್ಲಿ ನನಗೆ ಹೊಳೆದದ್ದು ಒಂದೇ, ಮೇಜಿನ ಮೇಲೆ ಎರಡು ಫಾರಂ ಇವೆ, ಸೀಟು ಎಷ್ಟು ಉಳಿದಿವೆಯೋ ಯಾರಿಗೆ ಗೊತ್ತು. "ಮಾಹೀತ ನಾಹೀ, ಫಾದರ್" ಎಂದೆ. ಗೊತ್ತಿಲ್ಲ ಅಂತ ಕನ್ನಡದಲ್ಲಿ ಹೇಳಲು ನಾಲಗೆ ತಡವರಿಸುತ್ತಿತ್ತೋ ಏನೋ, ಮರಾಠಿಯಲ್ಲಿ ಸರಾಗವಾಗಿ ಬಂತು. ಪಕ್ಕದಲ್ಲಿ ಕೂತ ಸುನಂದಾ ನನ್ನ ಕಡೆ ನೋಡಿದಳು. ಮನೆಗೆ ಬರುವಾಗ ಆಕೆ ಶ್ರಾವಣಿಯ ಕೈ ಹಿಡಿದು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಯಾಕೆಂದು ನಾನಂತೂ ಕೇಳಲೇ ಇಲ್ಲ.

ಪಟ್ಟಿ ಬಂತು. ಶ್ರಾವಣಿಯ ಹೆಸರಿತ್ತು, ಚೇರಮನ್ನರ ಮೊಮ್ಮಗನ ಹೆಸರೂ ಇತ್ತು. ರೋಶನ್ ಹೆಸರು ಕೆಳಗೆ ವೇಟಿಂಗ್ ಲಿಸ್ಟಿನಲ್ಲಿ, ಮೊದಲನೆಯದು. ಸುನಂದಾ ಪೇಢೆ ಹಂಚಿದಳು, ಕೆಳಗಿನ ಮನೆಗೆ ಮಾತ್ರ "ನೀವ ಕೊಟ್ಟು ಬರ್ರಿ" ಎಂದು ಡಬ್ಬಿ ನನ್ನ ಕೈಗಿಟ್ಟಳು. ಲವೀನಾಬಾಯಿ ಪೇಢೆ ತಿಂದು, ಶ್ರಾವಣಿಗೆ ಒಳ್ಳೆಯದಾಗಲಿ ಎಂದು ಬಾಯ್ತುಂಬ ಹಾರೈಸಿದರು. "ನೀವು ಹೇಳಿದ್ರಿ ಅಲ್ವಾ ಫಾದರಿಗೆ? ಪಾಪ, ಅವರಾದ್ರೂ ಎಂತ ಮಾಡುವುದು, ಅಷ್ಟು ಜನ" ಎಂದರು. ನಾನು ಹೂಂ ಅಂದೆನೋ, ಕೆಮ್ಮಿದೆನೋ, ಎರಡರ ನಡುವಿನದು. ಅವರು ಒಳಗೆ ಹೋಗಿ ಒಂದು ಮೇಣದಬತ್ತಿ ತಂದರು. "ಈ ಬುಧವಾರವೂ ನನಗೆ ಡ್ಯೂಟಿ. ಹೇಗೂ ನೀವು ತಪ್ಪಿಸುವುದಿಲ್ಲ. ರೋಶನ್ ಹೆಸರಲ್ಲಿ ಮಾತೆಯ ಮುಂದೆ ಇದೊಂದು ಹಚ್ಚಿ ಬನ್ನಿ ಮಾರಾಯ್ರೆ."

ಹೋಗದೆ ಗತಿ ಇರಲಿಲ್ಲ. ಹೋದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಇಲ್ಲ, ಹಿಂದಿನ ನಾಲ್ಕು ಸಾಲು ಖಾಲಿ. ಅಭ್ಯಾಸಬಲ, ಹೊರಗೇ ಚಪ್ಪಲಿ ಬಿಟ್ಟೆ, ಆ ಇಡೀ ಕಟ್ಟೆಯ ಮೇಲೆ ನನ್ನದೊಂದೇ ಜೋಡಿ. ಫಾದರ್ ಗುರುತು ಹಿಡಿದು, "ಅಡ್ಮಿಷನ್ ಆದ ಮೇಲೂ ಬಂದವರು ನೀವೊಬ್ಬರೇ" ಎಂದು ಹೆಗಲು ತಟ್ಟಿದರು. ಆಗಲಾದರೂ ಹೇಳಬಹುದಿತ್ತು, ಬಾಯಿ ತೆಗೆದೆ ಕೂಡ. ಆದರೆ ಹೆಗಲ ಮೇಲೆ ಅವರ ಕೈ ಇತ್ತು, ಆ ಕೈ ಹಾಗೇ ಇರಲಿ ಅನಿಸಿತು. ಬತ್ತಿ ಹಚ್ಚಿದೆ. ರೋಶನ್‌ಗೆ ಸೀಟು ಸಿಗಬೇಕಾದರೆ ಪಟ್ಟಿಯಲ್ಲಿದ್ದ ಯಾರಾದರೂ ಒಬ್ಬರು ಬಿಡಬೇಕು. ಮನಸ್ಸಿಟ್ಟು ಬೇಡಿಕೊಂಡೆ: "ತಾಯಿ, ಯಾರಿಗಾದ್ರೂ ಊರಿನ ಆ ತುದಿಗೆ, ಖರಾಡಿ ಕಡೆ ವರ್ಗ ಆಗ್ಲಿ. ಚೇರಮನ್ನರ ಮಗನಿಗೇ ಆದ್ರೂ ನಡೀತದ. ನಮ್ಮನ್ನೊಂದು ಬಿಟ್ಟು." ಜ್ಯೋತಿಯ ಮೇಲೆ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ.

ಹೊರಗೆ ಬರುವಾಗ, ಈ ಸಲ ಚಪ್ಪಲಿ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಖರೇನೇ ಅನಿಸಿತು. ಬಿಟ್ಟಲ್ಲೇ ಇದ್ದವು, ಯಾರೂ ಮುಟ್ಟಿರಲಿಲ್ಲ. ಹಾಕಿಕೊಂಡು ಮನೆಗೆ ಬಂದೆ.