ತೂತಿಲ್ಲದ ಚಿಪ್ಪು

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆದರೂ ಒಂದು ದೊಡ್ಡ ಸಂಶೋಧನಾ ಕೇಂದ್ರಕ್ಕೆ ಹೋದ ಅರ್ಜಿಯಲ್ಲಿ ನನ್ನ ಕೈಯಿದೆ. ನನ್ನ ಕೈ ಇಲ್ಲದಿದ್ದರೆ ಕೆಲಸ ಬೇಗ ಆಗುತ್ತಿತ್ತು, ಆ ಮಾತು ಬೇರೆ.

ತದಡಿಯ ನಮ್ಮ ಕೇರಿಗೆ ಟೀವಿ ಇನ್ನೂ ಬಂದಿರದ ಕಾಲ. ಮೊಮ್ಮಗಳು ನಾಗವೇಣಿ ಧಾರವಾಡದಲ್ಲಿ ಎಂ.ಎಸ್‌ಸಿ. ಓದುತ್ತಿದ್ದಳು. ನಮ್ಮ ಹೊಳೆಯ ಬಳಚು ಎಂಬ ಚಿಪ್ಪುಮೀನಿನ ಮೇಲೆ ಅವಳ ಅಭ್ಯಾಸ. ನಾವು ಸುಕ್ಕ ಮಾಡಿ ತಿಂದದ್ದನ್ನು ಅವಳು ಓದುತ್ತಿದ್ದಳು. ಆ ಕೇಂದ್ರದಲ್ಲಿ ಕೂದಲನ್ನು ದೋಣಿಯ ಹಗ್ಗದಷ್ಟು ದಪ್ಪ ತೋರಿಸುವ ಯಂತ್ರವಿತ್ತಂತೆ. ಅದರ ಮುಂದೆ ಕೂರಲು ಊರೂರಿನವರ ಪಾಳಿ. ಅರ್ಜಿ ಒಪ್ಪಿಗೆಯಾದವರಿಗೆ ಮಾತ್ರ ಸಮಯ. ಸಿಗದಿದ್ದರೆ ಹುಡುಗಿಯ ವರ್ಷವೆಲ್ಲ ಹೊಳೆಯ ಪಾಲು.

ರಜೆಗೆ ಬಂದವಳು ಬರೆದಳು, ಹರಿದಳು, ಮತ್ತೆ ಬರೆದಳು. ಒಲೆ ಹಚ್ಚಲು ನನಗೆ ಕಾಗದದ ಬರ ಬರಲಿಲ್ಲ.

"ಎಷ್ಟು ಸಲ ಬರೀತ್ಯೇ? ಕಾಲು ಹಿಡೀತೆ, ಸಮಯ ಕೊಡಿ ಅಂದ್ರೆ ಆತಲ್ಲ."

"ಕಾಲು ಹಿಡಿದ್ರೆ ಕೊಡೂದಿಲ್ಲ ಅಜ್ಜಿ. ಎಂತ ನೋಡ್ಬೇಕು, ಆ ಯಂತ್ರವೇ ಎಂತಕ್ಕೆ ಬೇಕು, ಕೊಟ್ಟ ದಿನದಲ್ಲಿ ಹೆಂಗೆ ಮುಗಿಸ್ತೆ, ಎಲ್ಲಾ ಬಿಡಿಸಿ ಹೇಳ್ಬೇಕು. ಓದಿದವ್ರಿಗೆ ಇವಳಿಗೆ ಕೊಡ್ಲೇಬೇಕು ಅನ್ನಿಸ್ಬೇಕು."

"ಹಂಗಂದ್ರೆ ಮೀನು ಮಾರಿದ ಹಂಗೇ."

"ಹಂಗೇ ಅಂದ್ಕೋ."

ಅವಳು ಹಾಗೆ ಅನ್ನಬಾರದಿತ್ತು.

ಅರ್ಜಿ ಮುಗಿಯಿತು. ಜೊತೆಗೆ ನಮೂನೆಯೆಂದು ಆರಿಸಿಟ್ಟ ಚಿಪ್ಪುಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ, "ಅಜ್ಜಿ, ಡಬ್ಬಿಗೆ ಬಟ್ಟೆ ಸುತ್ತಿ ಹೊಲಿದು ಇವತ್ತೇ ಟಪಾಲಿಗೆ ಹಾಕು" ಎಂದು ಬಸ್ಸು ಹತ್ತಿದಳು.

ಡಬ್ಬಿ ಎತ್ತಿದರೆ ಕಟಕಟ ಸದ್ದು. ದಾರಿಯಲ್ಲಿ ಒಡೆದಾವೆಂದು, ನಡುವೆ ಹುಲ್ಲು ತುಂಬಲು ಮುಚ್ಚಳ ತೆರೆದೆ. ನೋಡುತ್ತೇನೆ, ಒಂದೊಂದು ಚಿಪ್ಪಿನಲ್ಲೂ ತೂತು! ಮೇಲಿಂದ ಕೆಸರು. ಹರೆಯದಿಂದ ಮೀನಿನ ಬುಟ್ಟಿ ಹೊತ್ತವಳು ನಾನು. ದೊಡ್ಡದು ಮೇಲೆ, ಚಂದದ್ದು ಮುಂದೆ, ಇದೇ ನಮ್ಮ ಶಾಸ್ತ್ರ. ಗಿರಾಕಿಯ ಮುಂದೆ ಹುಳುಕು ಇಟ್ಟ ಚರಿತ್ರೆ ನಮ್ಮ ಮನೆತನದಲ್ಲಿಲ್ಲ. ಓದಿನ ಗಡಿಬಿಡಿಯಲ್ಲಿ ಹುಡುಗಿ ನೋಡಿಲ್ಲ, ಪಾಪ, ಎಂದುಕೊಂಡೆ.

ತೂತಿನವನ್ನೆಲ್ಲ, ಚಿಪ್ಪು ಸುಟ್ಟು ಸುಣ್ಣ ಮಾಡುವ ಭಟ್ಟಿಯ ರಾಶಿಗೆ ಸುರಿದೆ. ಹಿತ್ತಲಿನ ಗುಡ್ಡೆಯಿಂದ ದಪ್ಪ ದಪ್ಪನೆಯ ಚಿಪ್ಪು ಆರಿಸಿ, ಬೂದಿ, ಹುಣಸೆಹುಳಿ ಹಾಕಿ ತಿಕ್ಕಿದೆ. ತಾಮ್ರದ ಕೊಡ ನಾಚಬೇಕು, ಹಾಗೆ ಹೊಳೆದವು.

ಬಲೆ ಸರಿಮಾಡುತ್ತಿದ್ದ ಯಜಮಾನರು ಕೇಳಿದರು, "ಅವಳ ಡಬ್ಬಿಗೆ ನೀ ಎಂತಕ್ಕೆ ಕೈ ಹಾಕ್ತಿ?"

"ನೀವು ಬಲೆಯ ತೂತು ನೋಡ್ಕಣಿ. ಚಿಪ್ಪಿನ ತೂತು ನಾ ನೋಡ್ಕಂತೆ."

ಪಾರ್ಸೆಲ್ ಹೋಯಿತು. ಮೊಮ್ಮಗಳ ಅರ್ಜಿಯನ್ನು ನಾನೇ ಗಟ್ಟಿ ಮಾಡಿದ್ದೇನೆಂದು ಕೇರಿಗೆಲ್ಲ ಹೇಳಿಕೊಂಡೂ ಬಂದೆ.

ಒಂದು ದಿನ ನಾಗವೇಣಿ ಹೇಳದೆ ಕೇಳದೆ ಬಂದಳು. ಕೈಯಲ್ಲಿ ಕೇಂದ್ರದ ಉತ್ತರ. ನಿಂತಲ್ಲೇ ಕನ್ನಡದಲ್ಲಿ ಬಿಡಿಸಿ ಹೇಳಿದಳು: ಅರ್ಜಿ ಬಹಳ ಚೆನ್ನಾಗಿದೆ, ಬಳಚಿನ ಚಿಪ್ಪಿಗೆ ತೂತು ಕೊರೆಯುವ ಪ್ರಾಣಿ ಯಾವುದೆಂದು ತೂತಿನ ಅಂಚು ನೋಡಿ ಪತ್ತೆಹಚ್ಚುವ ವಿಚಾರ ನಮಗೆ ಹಿಡಿಸಿದೆ, ಆದರೆ ನೀವು ಕಳಿಸಿದ ಚಿಪ್ಪುಗಳಲ್ಲಿ ತೂತು ಎಲ್ಲಿದೆ?

"ಅಜ್ಜಿ, ನನ್ನ ಚಿಪ್ಪು ಎಲ್ಲಿ?"

"ತೂತಾಗಿತ್ತಲ್ಲೇ. ಬಿಸಾಕ್ದೆ."

"ಆ ತೂತೇ ನನ್ನ ಅಭ್ಯಾಸ ಅಜ್ಜಿ."

ಯಜಮಾನರು ಬಲೆಯಿಂದ ತಲೆ ಎತ್ತದೆ, "ನೋಡ್ಕಂತೆ ಅಂದಿದ್ಲು. ನೋಡ್ಕಂಡ್ಲು" ಎಂದರು.

ಕೇಂದ್ರದವರು ಪುಣ್ಯವಂತರು. ತಿಂಗಳೊಳಗೆ ಸರಿಯಾದ ನಮೂನೆ ಬಂದರೆ ಮತ್ತೆ ನೋಡುತ್ತೇವೆ ಎಂದೂ ಬರೆದಿದ್ದರು. ಮುಖ ಕಂಡವರಲ್ಲ, ನಂಟರಲ್ಲ. ಅರ್ಜಿ ಮಡಚಿ ಬುಟ್ಟಿಗೆ ಎಸೆದಿದ್ದರೂ ಕೇಳುವವರಿರಲಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ಸುಣ್ಣದ ಭಟ್ಟಿಗೆ ಓಡಿದೆ. ನನ್ನ ರಾಶಿ ಆಗಲೇ ಸುಣ್ಣವಾಗಿ ಯಾರದೋ ಗೋಡೆ ಏರಿತ್ತು. ಕೊನೆಗೆ ಹೊಳೆ ಇಳಿದಾಗ ಅಜ್ಜಿ, ಮೊಮ್ಮಗಳು ಮರಳುದಿಬ್ಬಕ್ಕೆ ಹೋದೆವು. ಬೇಡವೆಂದಾಗ ಡಬ್ಬಿ ತುಂಬ ಇದ್ದ ತೂತು ಬೇಕೆಂದಾಗ ಸಿಗುವುದಿಲ್ಲ. ಹಾಳಾದ ಕೈ ಬೇರೆ ಚಂದದ್ದರ ಕಡೆಗೇ ಹೋಗುತ್ತಿತ್ತು. "ಚಂದದ್ದು ಬೇಡ ಅಜ್ಜಿ" ಎಂದು ಅವಳು ಗದರುವುದು, ನಾನು ಎಸೆಯುವುದು.

ಬಳಚು ತೆಗೆಯುತ್ತಿದ್ದ ನೆರೆಮನೆಯ ದೇವಮ್ಮ ನಿಂತು ನೋಡಿದಳು. "ಎಂತ ಮಾರಾಯ್ತಿ, ಎಲ್ಲರೂ ಬಳಚು ಹೆಕ್ಕಿದ್ರೆ ನೀ ತೂತು ಹೆಕ್ತ್ಯಲ್ಲೇ?"

ಎದ್ದು ಜಗಳಕ್ಕೆ ನಿಲ್ಲೋಣವೆಂದರೆ ಸೊಂಟ ಎತ್ತಲಾಗುತ್ತಿರಲಿಲ್ಲ.

ಈ ಸಲ ಡಬ್ಬಿಗೆ ಬಟ್ಟೆ ಅವಳೇ ಹೊಲಿದಳು. ನನಗೆ ಸೂಜಿಗೆ ದಾರ ಪೋಣಿಸುವ ಅಧಿಕಾರವೂ ಇರಲಿಲ್ಲ.

ಸಮಯ ಸಿಕ್ಕಿತು. ನಾಗವೇಣಿ ಯಂತ್ರದಲ್ಲಿ ತೆಗೆದ ಫೋಟೋ ತಂದು ತೋರಿಸಿದಳು. ಬಾವಿಯಷ್ಟು ದೊಡ್ಡ ತೂತು, ಅಂಚಿನಲ್ಲಿ ಗೀರು ಗೀರು. ಒಂದು ಸಣ್ಣ ಶಂಖದ ಹುಳು ಹಲ್ಲಿನಿಂದ ಕೊರೆದದ್ದಂತೆ. ಬಾಯಲ್ಲಿ ಹಲ್ಲಿಲ್ಲದ ನಾನು ಆ ಹುಳುವಿಗೆ ಮನಸ್ಸಿನಲ್ಲೇ ಕೈಮುಗಿದೆ.

"ನನ್ನ ಚಿಪ್ಪು ಎಂತ ಮಾಡಿದ್ರು?" ಎಂದು ಮೆಲ್ಲಗೆ ಕೇಳಿದೆ.

"ಅಲ್ಲಿನ ದೊಡ್ಡ ಸಾಹೇಬ್ರು ಮೇಜಿನ ಮೇಲೆ ಇಟ್ಕಂಡಿದ್ದಾರೆ. ಕಾಗದ ಹಾರಬಾರದು ಅಂತ."

ಮೊಮ್ಮಗಳಿಗೆ ಸಿಕ್ಕಿದ್ದು ಕೆಲವೇ ದಿನ. ನನ್ನ ಮಾಲು ಅಲ್ಲೇ ಖಾಯಂ ಆಯಿತು. ನಾನು ಮಾತ್ರ ನಮ್ಮ ಮನೆಯಲ್ಲಿ ತೂತು ಬಿದ್ದ ಕೊಡವನ್ನೂ ಅವಳನ್ನು ಕೇಳದೆ ಎಸೆಯುವಂತಿಲ್ಲ.